ಮಕ್ಬೂಲ್ ತಂದ ಉಕ್ಕು

ಬಿಳಿ ಬಟ್ಟೆ ಹರಿಯುವ ಸದ್ದು ಕೇಳಿ ಮಕ್ಬೂಲ್ ಅಂಗಳದಲ್ಲೇ ನಿಂತುಬಿಟ್ಟ. ಕೈಯಲ್ಲಿ ಮೋಸಂಬಿಯ ಚೀಲವಿತ್ತು. ಭಾವ ನೂರ್ ಅಹ್ಮದನಿಗೆ ಹುಷಾರಿಲ್ಲ ಎಂದಷ್ಟೇ ಯಲ್ಲಾಪುರದ ಮೋಟರ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರು. ಅಲ್ಲಿ ಕೆಟ್ಟು ನಿಂತಿದ್ದ ಮೋಟರನ್ನು ಹೇಗೋ ಸರಿಮಾಡಿಕೊಂಡು ಶಿರಸಿಗೆ ಓಡಿಸಿಕೊಂಡು ಬಂದಿದ್ದ. ಜಗಲಿಯ ಮೇಲೆ ಇಬ್ಬರು ಹೆಣಕ್ಕೆ ಸುತ್ತುವ ಕಫನಿನ ಬಟ್ಟೆಯ ಎರಡು ತುದಿ ಹಿಡಿದು ಹರಿಯುತ್ತಿದ್ದರು. ಅವರಲ್ಲೊಬ್ಬ ಭಾವನ ಅಣ್ಣ ಅಲ್ಲಾವುದ್ದೀನ್. ತಲೆ ಎತ್ತಿ ಒಮ್ಮೆ ನೋಡಿದವನು ಮತ್ತೆ ಬಟ್ಟೆಯತ್ತ ಬಗ್ಗಿದ.

“ಯಾರಿಗೆ?” ಎಂದ ಮಕ್ಬೂಲ್.

ಒಳಗಿನಿಂದ ಅಕ್ಕ ಶರೀಫಾಳ ಧ್ವನಿ ಕೇಳಿತು. ಅಳುವಲ್ಲ, ನೀರು ಕಾಯಿತೇ ಎಂದು ಯಾರನ್ನೋ ವಿಚಾರಿಸುತ್ತಿದ್ದಳು. ದಿನವೂ ಕೇಳುವಂಥ ಆ ಧ್ವನಿ ಕೇಳಿ ಅವನು ಮೋಸಂಬಿಯ ಚೀಲವನ್ನು ನೆಲಕ್ಕಿಟ್ಟ.

ಕಮ್ಮಾರ ವೀರಪ್ಪ ಬಂದು ತೋಳು ಹಿಡಿದು ಕೂರಿಸಿದ. ಅವನು ಹಾನಗಲ್ ಕಡೆಯವನು. ಪೇಟೆಯ ಕೊನೆಯಲ್ಲಿ ಕುಲುಮೆ ಇಟ್ಟುಕೊಂಡು ಬಹಳ ವರ್ಷವಾಗಿತ್ತು.

“ಹೋದ ವಾರ ಅಂಗೈಗೆ ಉಳಿ ಚುಚ್ಚಿತ್ತು ನೋಡ್ರಿ. ಸೂಜಿ ಚುಚ್ಚಿದಷ್ಟ ಗಾಯ. ಅರಿಶಿಣ ಹಚ್ಚಿಕೊಂಡು ಮತ್ತ ಕೆಲಸಕ್ಕ ಕುಂತಿದ್ರು. ಮೊನ್ನೆ ದವಡಿ ಕಚ್ಚಿಕೊಂಡ್ತು, ಬಾಯಿ ತೆಗಿಲಿಕ್ಕೇ ಆಗ್ಲಿಲ್ಲ. ಧನುರ್ವಾಯು ಅಂದ್ರು ಡಾಕ್ಟ್ರು. ಮೈ ಬಿಲ್ಲಿನಂಗ ಬಗ್ಗಿ...” ವೀರಪ್ಪ ಅಷ್ಟಕ್ಕೇ ನಿಲ್ಲಿಸಿದ. “ಬೆಳಗಿನ ನಮಾಜಿನ ಹೊತ್ತಿಗೆ ಎಲ್ಲಾ ಮುಗೀತ್ರಿ.”

“ಸೂಜಿ ಚುಚ್ಚಿದಷ್ಟು?”

“ಅಷ್ಟ ರೀ.”

ಮಕ್ಬೂಲ್ ತನ್ನ ಅಂಗೈ ನೋಡಿಕೊಂಡ. ಮೋಟರಿನ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಗಾಯ ದಿನಾ ಆಗುತ್ತಿತ್ತು.

ನೂರ್ ಅಹ್ಮದ್ ತಾಮ್ರ, ಹಿತ್ತಾಳೆ ಪಾತ್ರೆಗಳ ಮೇಲೆ ಹೆಸರು ಕೊರೆಯುವವನು. ಮತ್ತಿಘಟ್ಟದಿಂದ ನಿಲ್ಕುಂದದವರೆಗೆ ಮದುವೆಗೆ ಕೊಟ್ಟ ಹಂಡೆ, ಕೊಡ, ತಂಬಿಗೆಗಳ ಮೇಲೆ ಅವನ ಅಕ್ಷರಗಳಿದ್ದವು. ಅಂಥ ಪಾತ್ರೆಗಳಲ್ಲಿ ನೀರು ಕುಡಿದ ಕೆಲವರು ಆಗಲೇ ಬೇಲಿಯ ಹತ್ತಿರ ಬಂದು ನಿಂತಿದ್ದರು. ಮತ್ತಿಘಟ್ಟದ ವೆಂಕಟ್ರಮಣ ಹೆಗಡೆ ಬಾಯಿಗೆ ಶಲ್ಯ ಒತ್ತಿಕೊಂಡು, “ಹೋದ ಸಂತೆಗೆ ಬಂದಾಗ ನಗ್ತಾ ಮಾತಾಡ್ಸಿದ್ನಲ್ಲ ಮಾರಾಯ. ಎಂತ ಆಗೋಯ್ತು ಇದು?” ಎಂದು ಎದುರಿಗೆ ಸಿಕ್ಕವರನ್ನೆಲ್ಲ ಕೇಳುತ್ತಿದ್ದ.

ಅಲ್ಲಾವುದ್ದೀನ್ ಬಟ್ಟೆಯನ್ನು ಮಡಿಸಿಟ್ಟು ಎದ್ದ.

“ನಾನು ಹೇಳ್ತೇನೆ ಎಂಥ ಆಯ್ತು ಅಂತ. ಕೆಟ್ಟ ಉಕ್ಕು! ಉಳಿ ಮುರಿದು ಕೈಗೆ ಹೊಕ್ಕಿದೆ. ಅದನ್ನ ತಂದುಕೊಡ್ತಿದ್ದವನು ಯಾರು? ‘ನನ್ನ ಭಾವಮೈದ ತರೋ ಅಂಥ ಉಕ್ಕು ಮುಂಬೈಯಲ್ಲೂ ಸಿಗೂದಿಲ್ಲ’ ಅಂತ ಊರಿಡೀ ಹೇಳ್ಕೊಂಡು ತಿರುಗ್ತಿದ್ದ, ಪಾಪ.” ಅವನ ಬೆರಳು ಮಕ್ಬೂಲನ ಎದೆಗೆ ತಾಗುವಷ್ಟು ಹತ್ತಿರ ಬಂತು. “ನಿನ್ನ ಕಬ್ಬಿಣ ತಿಂತು ನನ್ನ ತಮ್ಮನ್ನ.”

ಇರಬಹುದು ಎಂದೇ ಮಕ್ಬೂಲನಿಗೂ ಅನಿಸಿತು.

* * *

ಅಕ್ಕನ ಮದುವೆಯಾದ ಹೊಸತು. ಮಕ್ಬೂಲ್ ಆಗಷ್ಟೇ ಮೋಟರ್ ಸರ್ವಿಸಿಗೆ ಸೇರಿದ್ದ. ಭಾವನನ್ನು ಹುಬ್ಬಳ್ಳಿಯ ಗುಜರಿ ಸಾಲಿಗೆ ಕರೆದುಕೊಂಡು ಹೋಗಿದ್ದ. ಉಳಿ ಮಾಡಲು ಬೆರಳುದ್ದದ ಉಕ್ಕಿನ ತುಂಡು ಆರಿಸುವುದಕ್ಕೆ ಮಧ್ಯಾಹ್ನವೆಲ್ಲ ಬೇಕೆಂದು ಅವನಿಗೇನು ಗೊತ್ತು! ನೂರ್ ಅಹ್ಮದ್ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಕಲ್ಲಿನ ಮೇಲೆ ಬೀಳಿಸಿ ಕಿವಿಗೊಡುತ್ತಿದ್ದ. ಆಮೇಲೆ ಕಬ್ಬಿಣ ಉಜ್ಜುವ ಅರವನ್ನು ಅಂಚಿಗೆ ಎಳೆದು ನೋಡುತ್ತಿದ್ದ.

“ಅರ ಜಾರಬೇಕು ನೋಡು. ಕಚ್ಚಿ ಎಳೆದರೆ ಅದು ಮೆದು. ತಾಮ್ರದ ಮೇಲೆ ಎರಡು ಅಕ್ಷರ ಬರೆಯೋದರೊಳಗೆ ಮೊಂಡಾಗ್ತದೆ.” ಒಂದು ತುಂಡಿನ ತುದಿ ಮುರಿದು ಬಿಸಿಲಿಗೆ ಹಿಡಿದ. “ಮುರಿದ ಕಡೆ ಸಣ್ಣ ರವೆಯ ಹಾಗೆ ಕಾಣಬೇಕು. ಸಕ್ಕರೆ ಹರಳಿನ ಹಾಗಿದ್ದರೆ ಬಿಟ್ಟುಬಿಡು, ತುದಿ ಸಿಡೀತದೆ.”

ಕೊನೆಗೆ ಅವನು ಎತ್ತಿಕೊಂಡದ್ದು ತುಕ್ಕು ಹಿಡಿದ, ಸವೆದ ಹಳೆಯ ಅರಗಳನ್ನು. ಮಕ್ಬೂಲನಿಗೆ ನಗು ಬಂತು.

“ದುಲಾಭಾಯಿ, ನಾನು ಇಲ್ಲಿಗೆ ಬರುತ್ತಲೇ ಇರ್ತೇನೆ. ಇನ್ನು ನೀವು ಈ ಬಿಸಿಲಲ್ಲಿ ಸಾಯೋದು ಬೇಡ. ನಾನೇ ತಂದುಕೊಡ್ತೇನೆ.”

ತಂದೂ ಕೊಟ್ಟ. ಗುಜರಿಯಲ್ಲಲ್ಲ, ದೊಡ್ಡ ಅಂಗಡಿಯಲ್ಲಿ ಕೊಂಡದ್ದು. ನೇರವಾದ, ಕನ್ನಡಿಯಂತೆ ಹೊಳೆಯುವ ಸರಳುಗಳು. ಭಾವ ಹೆಬ್ಬೆರಳಿನಿಂದ ಸವರಿ, “ಭೇಷ್! ಎಲ್ಲಿ ಸಿಕ್ಕಿತೋ ಇದು?” ಎಂದಿದ್ದ. ಆ ಒಂದು ಮಾತಿಗಾಗಿ ಮಕ್ಬೂಲ್ ವರ್ಷವರ್ಷವೂ ತಂದ.

* * *

“ಜೇಠ್‌ಜೀ, ನಿಲ್ಲಿಸಿ.”

ಬಾಗಿಲ ಪರದೆಯ ಹಿಂದಿನಿಂದ ಶರೀಫಾ ಗಂಡನ ಅಣ್ಣನನ್ನು ತಡೆದಳು. ಪರದೆಯ ಅಂಚಿನಿಂದ ಅವಳ ಕೈ ಮಾತ್ರ ಹೊರಗೆ ಬಂತು. ಅದರಲ್ಲಿ ಮರದ ಹಿಡಿಯ ಪುಟ್ಟ ಉಳಿಯಿತ್ತು.

“ಕೈಗೆ ಚುಚ್ಚಿದ್ದು ಇದೇ. ವೀರಪ್ಪಣ್ಣ ನೋಡಿ ಹೇಳಲಿ.”

ವೀರಪ್ಪ ಅದನ್ನು ತೆಗೆದುಕೊಂಡು ಬೆಳಕಿಗೆ ತಿರುಗಿಸಿದ. ಹೆಬ್ಬೆರಳಿನ ಉಗುರಿನ ಮೇಲೆ ತುದಿ ಇಟ್ಟ. ಇನ್ನೂ ಹರಿತವಾಗಿದ್ದ ಅದು ಜಾರದೆ ಅಲ್ಲೇ ಕಚ್ಚಿ ನಿಂತಿತು.

“ಮುರಿದಿಲ್ರಿ ಇದು. ಕೂದಲೆಳಿಯಷ್ಟೂ ಹೋಗಿಲ್ಲ. ಹಳೀ ಅರದ ತುಂಡು, ಬಡಿಗೇರ ಓಣಿಯಾಗ ಅವರೇ ಹುಡುಕಿ ತಂದಿದ್ರು. ಕಾಸಿ ಹದಾ ಮಾಡಿಕೊಟ್ಟಾಂವ ನಾನು.” ಅವನು ಉಳಿಯ ಹಿಡಿಯನ್ನು ಒರೆಸಿದ. “ಕೈ ಜಾರೇತಿ. ಉಳಿ ಭಾಳ ಚಲೋ ಇತ್ರಿ, ಅದಕ್ಕ ಅಷ್ಟು ಆಳಕ್ಕ ಹೋಗೇತಿ.”

“ಹಾಗಾದರೆ ಮಕ್ಬೂಲ್ ತಂದದ್ದು?” ಎಂದ ಅಲ್ಲಾವುದ್ದೀನ್.

ಪರದೆಯ ಹಿಂದಿನಿಂದ ಶರೀಫಾಳೇ ಉತ್ತರಿಸಿದಳು.

“ಅದು ಮೆದು ಕಬ್ಬಿಣ, ಅದರಲ್ಲಿ ಉಳಿ ಆಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದೂ ಆಗಲಿಲ್ಲ.”

ಅಲ್ಲಾವುದ್ದೀನ್ ಮತ್ತೆ ಬಟ್ಟೆಯ ಹತ್ತಿರ ಹೋಗಿ ಕೂತ. ಮಕ್ಬೂಲ್ ಎದ್ದು ಒಳಗೆ ಹೋದ. ಕೊಲೆಗಾರನೆನಿಸಿಕೊಂಡದ್ದಕ್ಕಿಂತ ಈ ಮಾತು ಅವನಿಗೆ ಹೆಚ್ಚು ತಾಗಿತ್ತು.

ಶರೀಫಾ ಅಡುಗೆಮನೆಯ ಕಿಟಕಿ ತೋರಿಸಿದಳು. ಕಿಟಕಿಯ ಸರಳುಗಳು ನೇರವಾಗಿ, ಒಂದೇ ದಪ್ಪವಾಗಿದ್ದವು. ಬಾವಿಯ ಕೊಡ ತೂಗುಹಾಕುವ ಕೊಕ್ಕೆ, ಬಾಗಿಲ ಅಗುಳಿ, ಚಿಮಣಿದೀಪ ನೇತುಹಾಕುವ ಕಡ್ಡಿ, ಎಲ್ಲವೂ ಅವನು ತಂದ ಸರಳುಗಳೇ. ಈ ಮನೆಯಲ್ಲಿ ಅವನು ಎಷ್ಟು ಸಲ ಉಂಡಿದ್ದ, ಆ ಕೊಕ್ಕೆಗೇ ಎಷ್ಟು ಸಲ ಅಂಗಿ ಸಿಕ್ಕಿಸಿದ್ದ!

“ಒಂದು ಮಾತು ಹೇಳಬಾರದಿತ್ತಾ ಆಪಾ? ಊರಿಡೀ ನನ್ನ ಹೊಗಳಿಕೊಂಡು...”

“ಹೇಳಬೇಡ ಅಂದಿದ್ದರು. ‘ಹುಬ್ಬಳ್ಳಿಯಿಂದ ನೆನಪಿಟ್ಟು ತರ್ತಾನೆ, ಬೇಡ ಅನ್ನೋದು ಹೇಗೆ’ ಅಂತ. ನೀನು ಬರ್ತೀ ಅಂದರೆ ಹಳೇ ಅರಗಳನ್ನೆಲ್ಲ ಅಕ್ಕಿ ಮಡಕೆಯಲ್ಲಿ ಅಡಗಿಸ್ತಿದ್ದರು.” ಅವಳು ಅಕ್ಕಿ ಮಡಕೆಯತ್ತ ನೋಡಿದಳು. “ಅವರ ಒಂದು ಮಾತೂ ಮೀರಿದವಳಲ್ಲ ನಾನು. ಮಣ್ಣಿಗೆ ಹೋಗೋ ಮೊದಲೇ ಮೀರಿದೆ ನೋಡು. ಹೆಣದ ಎದುರು ನಿನ್ನ ತಲೆಗೆ ಕೊಲೆ ಕಟ್ಟೋವಾಗ ಹೇಗೆ ಸುಮ್ಮನಿರಲಿ, ಹೇಳು?”

ಬೆಳಗಿನಿಂದ ಅಳದಿದ್ದವಳು ಆಗ ಅತ್ತಳು. ಮಕ್ಬೂಲ್ ಅವಳನ್ನು ಹಿಡಿದುಕೊಂಡು ನಿಂತ.

ಜನಾಜಾ ಹೊರಟಾಗ ಅಲ್ಲಾವುದ್ದೀನ್ ಮುಂದಿನ ಹೆಗಲಿನಿಂದ ಸರಿದು ಮಕ್ಬೂಲನಿಗೆ ಜಾಗ ಬಿಟ್ಟ. ಖಬರಸ್ಥಾನದ ಬೇಲಿಯಾಚೆ ವೀರಪ್ಪ, ವೆಂಕಟ್ರಮಣ ಹೆಗಡೆ ಕೈಕಟ್ಟಿ ನಿಂತರು.

ಗುಂಡಿಗಿಳಿಸಿದ ದೇಹದ ಮೇಲೆ ಹಲಗೆಗಳನ್ನು ಮುಚ್ಚಿದ ನಂತರ ಒಬ್ಬೊಬ್ಬರೇ ಬಂದು ಮೂರು ಹಿಡಿ ಮಣ್ಣು ಹಾಕಿದರು. ಮಕ್ಬೂಲನ ಸರದಿ ಬಂತು. ಅವನು ಗೋರಿಯ ಅಂಚಿನಲ್ಲಿ, ಗುಜರಿ ರಾಶಿಯ ಮುಂದೆ ಭಾವ ಕೂತ ಹಾಗೆ, ಕುಕ್ಕರಗಾಲಿನಲ್ಲಿ ಕೂತು ಕೆಮ್ಮಣ್ಣಿನ ಒಂದು ಹಿಡಿ ತೆಗೆದುಕೊಂಡ. ತುಂಬ ಹರಳುಕಲ್ಲುಗಳಿದ್ದವು. ಒಂದೊಂದನ್ನೇ ಆರಿಸಿ ಪಕ್ಕಕ್ಕಿಟ್ಟ. ಹೆಂಟೆಗಳನ್ನು ಬೆರಳಿನಿಂದ ಪುಡಿಮಾಡಿದ, ಬಿಸಿಲಿಗೆ ಹಿಡಿದು ನೋಡಿದ, ಮತ್ತೂ ಒಂದು ಬೇರಿನ ಎಳೆ ತೆಗೆದ. ಹಿಂದೆ ಜನ ಕಾಯುತ್ತಿದ್ದರು. ಯಾರೂ ಅವಸರ ಮಾಡಲಿಲ್ಲ. ಅವನು ಆ ಮಣ್ಣನ್ನು ಮೆಲ್ಲಗೆ ಸುರಿದು, ಎರಡನೆಯ ಹಿಡಿಗೆ ಬಗ್ಗಿದ.