ಬರೀ ನೀರಿನ ಸಾಲು

ವಿಚಾರ ಸಂಕಿರಣಕ್ಕೆ ಹೋಗಿದ್ದ ಭಾವ ಜ್ಞಾನೋದಯವಾಗಿ ಮರಳಿದರು. ಹಿಂದೆಯೇ ಕಡಲಪಾಚಿ ಸಾರದ ಒಂದು ಡ್ರಮ್ಮೂ ಬಂತು. ಅದು ಗೊಬ್ಬರವಲ್ಲ, ಔಷಧಿಯೂ ಅಲ್ಲ, ಜೈವಿಕ ಉತ್ತೇಜಕ. ಗಿಡವನ್ನು ಒಳಗಿನಿಂದ ಹುರಿದುಂಬಿಸುತ್ತದಂತೆ. ಹುರಿದುಂಬಿಸುವುದರಲ್ಲಿ ಭಾವ ಮೊದಲೇ ನಿಸ್ಸೀಮರು. ಅವರ ಸಸಿ ನರ್ಸರಿಯ ಕೆಲಸದವರೆಲ್ಲ ಅದರಿಂದಲೇ ಬಸವಳಿದಿದ್ದರು.

ಮನೆಯ ಕಿರಿಸೊಸೆ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವಳು. ಮೂರು ವರ್ಷದಿಂದ ಆ ಓದನ್ನೆಲ್ಲ ಟ್ರೇಗಳಿಗೆ ಮಣ್ಣು ತುಂಬಲು ಬಳಸುತ್ತಿದ್ದಳು.

“ಭಾವ, ಮೊದಲು ಎರಡು ಸಾಲಲ್ಲಿ ಪರೀಕ್ಷೆ ಮಾಡೋಣ. ಒಂದಕ್ಕೆ ಸಾರ, ಒಂದಕ್ಕೆ ಬರೀ ನೀರು.”

“ವ್ಯತ್ಯಾಸ ಕಾಣದಿದ್ರೆ?”

“ಡ್ರಮ್ ವಾಪಸ್. ಸಸಿಮನೆ ಉಸ್ತುವಾರಿ ನನಗೆ.”

“ಕಂಡ್ರೆ?”

“ಜನ್ಮವಿಡೀ ಟ್ರೇ ತುಂಬ್ತೀನಿ, ತುಟಿಪಿಟಕ್ ಅನ್ನಲ್ಲ.”

ಭಾವನಿಗೆ ಹಿಡಿಸಿದ್ದು ಈ ಕೊನೆಯ ಮಾತು.

ನೀರು ಹಾಕುವವರು ಅತ್ತೆ. ಮೂವತ್ತನೇ ದಿನ ಅಳೆದು ನೋಡಿದರೆ ಎರಡು ಸಾಲಿನ ಟೊಮೆಟೊ ಸಸಿಗಳೂ ಒಂದೇ ಎತ್ತರ, ಒಂದೇ ದಪ್ಪ. ಭಾವನ ಮುಖ ಹುಳ್ಳಗಾಯಿತು. “ಸಮುದ್ರದ ಕಸ! ನಂಗೇ ಟೋಪಿ ಹಾಕೋಕೆ ಬಂದ್ರು,” ಎಂದು ಕಂಡಕಂಡವರಿಗೆಲ್ಲ ಹೇಳಿ ಡ್ರಮ್ಮನ್ನು ಸಾಗಹಾಕಿದರು. ಉಸ್ತುವಾರಿ ಕಿರಿಸೊಸೆಗೆ ಬಂತು.

ಆಮೇಲೆ ಅವಳು ಗಮನಿಸಿದಳು: ಅದೇ ದಿನ ಬಿತ್ತಿದ ಪಕ್ಕದ ಟ್ರೇಗಳಿಗಿಂತ ಈ ಎರಡೂ ಸಾಲು ನಾಲ್ಕು ಬೆರಳು ಎತ್ತರ. ಓದಿದವಳ ಕಣ್ಣಿಗೆ ಇದು ಕಾಣಲು ಉಸ್ತುವಾರಿಯೇ ಬೇಕಾಯಿತು.

“ಅತ್ತೆ, ನೀರಿನ ಸಾಲಿಗೆ ಏನು ಹಾಕ್ತಿದ್ರಿ?”

“ಇನ್ನೇನು, ಅದೇ ಸಾರ. ಒಂದೇ ದಿನ ಹುಟ್ಟಿದ ಮಕ್ಕಳು ಕಣೇ. ಪಂಕ್ತಿಭೇದ ಮಾಡೋದನ್ನ ನಿಮ್ಮ ಕಾಲೇಜಲ್ಲಿ ಕಲಿಸಿರಬಹುದು, ನನ್ನ ಕೈಲಾಗಲ್ಲ.”

“ಮತ್ತೆ ಈ ಪಕ್ಕದ ಟ್ರೇಗಳು?”

“ಅವು ಪರೀಕ್ಷೇಲೇ ಇರಲಿಲ್ವಲ್ಲೇ!”

ಬಾಯಿ ಮುಚ್ಚಿಕೊಂಡಿದ್ದರೆ ಉಸ್ತುವಾರಿ ಉಳಿಯುತ್ತಿತ್ತು. ಅವಳು ಆಫೀಸಿಗೆ ಹೋಗಿ ಎಲ್ಲ ಹೇಳಿದಳು. “ಗೆದ್ದವರು ನೀವು, ಭಾವ.”

“ನಂಗೆ ಸಮಾಧಾನ ಹೇಳೋಕೆ ಬರಬೇಡಮ್ಮ. ಆ ಕಸದ ಬಣ್ಣ ಬಯಲು ಮಾಡಿದ್ದೇ ನಾನು ಅಂತ ಊರೆಲ್ಲ ಹೇಳಿದೀನಿ. ಮುಂದಿನ ಸಂಕಿರಣದಲ್ಲಿ ನನ್ನದೇ ಭಾಷಣ.”

“ಪರೀಕ್ಷೆ ಕೆಟ್ಟಿದೆ, ಭಾವ.”

“ಪರೀಕ್ಷೆ ಮುಗಿದಿದೆ. ಹೋಗು, ಉಸ್ತುವಾರಿ ನೋಡ್ಕೋ.”

ನೋಡಿಕೊಂಡಳು. ವಾರದೊಳಗೆ ಅತ್ತೆಯ ಹೆಸರಿಗೆ ಅದೇ ಸಾರದ ಒಂದು ಸಣ್ಣ ಕ್ಯಾನು ಬಂತು. ಭಾವ ಮುಚ್ಚಳ ತೆಗೆದು ಮೂಸಿದರು.

“ಏನಮ್ಮ ಇದು?”

“ಅತ್ತೆಯ ತಲೆಗೂದಲಿಗೆ.”

ಭಾವ ತಮ್ಮ ನುಣುಪಾದ ನೆತ್ತಿಯನ್ನು ನಿಧಾನವಾಗಿ ಸವರಿಕೊಂಡರು.

“ಕೆಲಸ ಮಾಡುತ್ತಾ?”