ಇಂಗ್ಲಿಷಿನಲ್ಲಿ ಮಾತ್ರ ಗೊತ್ತಿದ್ದ ಗೆಳತಿ

ಬೈಲಹೊಂಗಲದ ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಭಾಗ್ಯಾ ಮದುವೆಗೂ ಮೊದಲಿನಿಂದ ಕೆಲಸ ಮಾಡುತ್ತಿದ್ದಳು. ಸೂಜಿ ಚುಚ್ಚಿದ್ದು ಗೊತ್ತಾಗದ ಹಾಗೆ ರಕ್ತ ತೆಗೆಯುತ್ತಾಳೆಂದು ಹೆಸರಿತ್ತು. ಆದರೆ ಆ ಲ್ಯಾಬನ್ನು ಹೊರಗಿನ ಕಂಪನಿಯವರು ಕೊಂಡ ಮೇಲೆ ಶನಿವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಮೀಟಿಂಗು ಶುರುವಾಯಿತು. ಅಲ್ಲಿ ಎಲ್ಲ ಇಂಗ್ಲಿಷು. ತನ್ನ ಸರದಿ ಬಂದಾಗ ಭಾಗ್ಯಾ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಮೊನ್ನೆ ಮೊನ್ನೆ ಸೇರಿದ ಮಧು ಎಂಬ ಹುಡುಗಿ ಅವಳ ಕೆಲಸದ ವಿವರವನ್ನೂ ಹೇಳಿ ಮುಗಿಸಿಬಿಡುತ್ತಿದ್ದಳು.

“ಅಕ್ಕಾರ, ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ. ನಾ ಹೇಳ್ತೇನಲ್ಲ,” ಎಂದು ಮಧು ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಿದ್ದಳು. ಆ ಒಳ್ಳೆಯತನವೇ ಭಾಗ್ಯಾಳಿಗೆ ಮುಳ್ಳಾಗಿತ್ತು.

ಧಾರವಾಡದ ಮಂಜುಳಾ ಮೇಡಂ ಫೋನಿನಲ್ಲೇ ನಡೆಸುವ ಇಂಗ್ಲಿಷ್ ಕ್ಲಾಸಿಗೆ ಅವಳು ಸೇರಿದಳು. ಅಂದಿನಿಂದ ಒಂದು ಕಡೆ ಕೂಡ್ರಲಾಗದು, ನಿಲ್ಲಲಾಗದು. ರೊಟ್ಟಿ ಬಡಿಯುವಾಗಲೂ ತುಟಿ ಅಲ್ಲಾಡುತ್ತಿತ್ತು. ಒಂದು ವಾಕ್ಯ ಶುರು ಮಾಡಿ, ನಡುವೆ ತಪ್ಪೆನಿಸಿ, ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಯರಗಟ್ಟಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಗಂಡ ಅರ್ಜುನ ನೋಡಿ ನಗುತ್ತಿದ್ದ.

“ಯಾರ ಜೋಡಿ ಜಗಳಾ ನಡದೈತಿ?”

“ನನ್ನ ನಾಲಿಗಿ ಜೋಡಿ.”

ಕ್ಲಾಸಿನಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡಿ, ದಿನಾ ಸಂಜೆ ಕಾಲುಗಂಟೆ ಇಂಗ್ಲಿಷಿನಲ್ಲಿ ಮಾತಾಡಬೇಕು, ಕನ್ನಡದ ಒಂದು ಶಬ್ದವೂ ಬರಬಾರದು ಎಂದು ಮೇಡಂ ಕಟ್ಟುಮಾಡಿದ್ದರು. ಭಾಗ್ಯಾಳಿಗೆ ಜೋಡಿಯಾದವಳು ರಾಮದುರ್ಗದ ಸಪ್ನಾ. ಖಾಸಗಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದಳು. ಕಾಂಪೌಂಡಿನೊಳಗೆ ಶಿಕ್ಷಕರೂ ಇಂಗ್ಲಿಷೇ ಆಡಬೇಕೆಂದು ಅಲ್ಲಿ ಹೊಸ ಆಜ್ಞೆಯಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಬೈಲಹೊಂಗಲ ಬಸ್‌ಸ್ಟ್ಯಾಂಡಿನಲ್ಲಿ ಯರಗಟ್ಟಿ ಬಸ್ಸು ಕಾಯುತ್ತ, ಅತ್ತಿಂದಿತ್ತ ಅಡ್ಡಾಡುತ್ತ ಭಾಗ್ಯಾ ಮಾತಾಡುತ್ತಿದ್ದಳು. ಶೇಂಗಾ ಮಾರುವವರು ತಿರುಗಿ ನೋಡುತ್ತಿದ್ದರು. ಇಂದು ಏನು ಅಡುಗೆ, ಶಾಲೆಯಲ್ಲಿ ಯಾರು ಅತ್ತರು, ಸಪ್ನಾಳ ಮಾವನ ಹಿಟ್ಟಿನ ಗಿರಣಿಯ ಗದ್ದಲ ಎಷ್ಟು — ಶಬ್ದ ಸಿಕ್ಕಷ್ಟೇ ಸುದ್ದಿ. ಮನೆಯ ಬಗ್ಗೆ ಕೇಳಿದರೆ ಇಬ್ಬರೂ ಪಾಠದಲ್ಲಿದ್ದ ವಾಕ್ಯವನ್ನೇ ಹೇಳುತ್ತಿದ್ದರು: ನಮ್ಮದು ಸುಖೀ ಕುಟುಂಬ. ತಪ್ಪಿದಾಗಲೆಲ್ಲ ಸಪ್ನಾ ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ನಗುತ್ತಿದ್ದಳು.

ಒಂದು ಸಂಜೆ ಆ ನಗು ಬರಲಿಲ್ಲ. ಹೇಗಿದ್ದೀ ಎಂದು ಕೇಳಿದ್ದಕ್ಕೆ ಸಪ್ನಾ, “ನಾಟ್ ಗುಡ್,” ಅಂದಳು. ಆಮೇಲೆ ಒಂದೊಂದೇ ಶಬ್ದ ಹುಡುಕಿ ಹುಡುಕಿ, “ಬೇಬಿ ಇತ್ತು” ಎಂಬುದನ್ನೂ “ಈಗ ಇಲ್ಲ” ಎಂಬುದನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಮೂರನೆಯ ತಿಂಗಳಲ್ಲಿ ಹೋಗಿತ್ತು. ಬಸುರಿಯಾಗಿದ್ದುದೇ ಭಾಗ್ಯಾಳಿಗೆ ಗೊತ್ತಿರಲಿಲ್ಲ.

ಭಾಗ್ಯಾಳ ಬಾಯಿಗೆ ಬಂದದ್ದು ಕಲಿತ ವಾಕ್ಯ. “ಐ ಆ್ಯಮ್ ಸಾರಿ ಟು ಹಿಯರ್ ದಟ್.”

“ಇಟ್ಸ್ ಓಕೆ. ನೋ ಪ್ರಾಬ್ಲಮ್,” ಅಂದಳು ಸಪ್ನಾ. ಅದೂ ಅದೇ ಪಾಠದ್ದು.

ಅಷ್ಟರಲ್ಲಿ ಬಸ್ಸು ಬಂತು. ಜನ ನುಗ್ಗಿದರು. ಫೋನು ಕಟ್ಟಾಯಿತು.

ಸೀಟು ಸಿಕ್ಕರೂ ಭಾಗ್ಯಾಳಿಗೆ ಕೂಡ್ರಲಾಗಲಿಲ್ಲ. ಕೂಸು ಕಳಕೊಂಡವಳಿಗೆ ತಾನು ಒಂದು ಕನ್ನಡದ ಮಾತು ಯಾಕೆ ಆಡಲಿಲ್ಲ? ಯಾರು ತಡೆದಿದ್ದರು? ಇಳಿದವಳೇ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ಲ್ಯಾಬಿನಲ್ಲಿ ಒಬ್ಬ ಮುದುಕನ ರಕ್ತದ ಬಾಟಲಿಗೆ ಇನ್ನೊಬ್ಬರ ಹೆಸರು ಬರೆಯಲು ಹೋಗಿ, ಕೊನೆಯ ಗಳಿಗೆಯಲ್ಲಿ ಎಚ್ಚೆತ್ತಳು.

“ಹೋಗಿ ಬಂದ್ಬಿಡಲ್ಲ, ಹಿಂಗ ಒದ್ದಾಡೂದಕ್ಕಿಂತ,” ಅಂದ ಅರ್ಜುನ.

ರವಿವಾರ ರಾಮದುರ್ಗದ ಬಸ್ಸು ಹತ್ತಿದಳು. ಆಡಬೇಕಾದ ಮಾತುಗಳನ್ನು ಕಟಕೋಳ ದಾಟುವವರೆಗೆ ಮನಸ್ಸಿನಲ್ಲೇ ಕನ್ನಡದಲ್ಲಿ ಜೋಡಿಸಿಕೊಂಡಳು. ಊರಲ್ಲಿ ಗಿರಣಿಗಳು ಬಹಳ. ಇಂಗ್ಲಿಷ್ ಶಾಲೆಯ ಸಪ್ನಾಳ ಮಾವನ ಗಿರಣಿ ಯಾವುದೆಂದು ಕೇಳುತ್ತ ಕೇಳುತ್ತ ಸಂತೆ ಬಯಲಿನ ಹಿಂದಿನ ಓಣಿ ಸಿಕ್ಕಿತು. ಬಾಗಿಲಿಗೆ ಬಂದವಳು ಸಪ್ನಾಳ ಅತ್ತೆ ಮರೆವ್ವ.

“ಯಾರ್ ಬೇಕಾಗಿತ್ತವಾ?”

“ಸಪ್ನಾ ಅವ್ರು ಅದಾರೇನ್ರಿ? ನಾ ಯರಗಟ್ಟಿಂದ ಬಂದೇನ್ರಿ. ಅವ್ರ ಜೋಡಿ ಇಂಗ್ಲಿಷ್ ಕಲಿಯಾಕ ಹತ್ತೇನಿ.”

ಮರೆವ್ವಳ ಮುಖ ಬಿಗಿಯಿತು. “ಓ, ಆಕಿ ನೀನ ಏನು? ದಿನಾ ಸಂಜಿಮುಂದ ಮಾಳಗಿ ಮ್ಯಾಲ ಅಡ್ಡಾಡಕೋತ ಮಾತಾಡೂದು, ಮೆಟ್ಲಾ ಹತ್ತೂದು, ಇಳಿಯೂದು. ಬ್ಯಾಡ ಬ್ಯಾಡ ಅಂತ ಬಡಕೊಂಡೆ. ಹೋತಲ್ಲ ಈಗ! ಫೋನ್ ಟ್ರೆಜರ್ಯಾಗ ಇಟ್ಟು ಕೀಲಿ ಹಾಕೇನಿ,” ಎಂದು ಒಳಗಿನ ಕಬ್ಬಿಣದ ಕಪಾಟಿನ ಕಡೆ ಕೈ ಮಾಡಿದಳು.

ಮಾಳಿಗೆಯ ಮೇಲೆ ಅಡ್ಡಾಡಿದ ಆ ಮಾತಿನ ಇನ್ನೊಂದು ತುದಿಯಲ್ಲಿದ್ದವಳು ತಾನೇ. ಭಾಗ್ಯಾಳಿಗೆ ತಿರುಗಿ ಓಡಬೇಕೆನಿಸಿತು. ಆದರೆ ಮರೆವ್ವ ಸರಿದು ನಿಂತು, “ಬಾಗಲದಾಗ ನಿಂದ್ರಬ್ಯಾಡ, ಒಳಗ ಬಾ,” ಅಂದಳು.

ಬಾಣಂತಿಯ ಹಾಗೆ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಸಪ್ನಾ ಹೊರಗೆ ಬಂದಳು. ಭಾಗ್ಯಾ ದಂಗಾದಳು. ಧ್ವನಿ ಕೇಳಿ ತನಗಿಂತ ಚಿಕ್ಕವಳೆಂದುಕೊಂಡಿದ್ದಳು. ಎದುರಿಗೆ ನಿಂತವಳ ಕಿವಿಯ ಬಳಿ ಬೆಳ್ಳಗಿನ ಕೂದಲಿದ್ದವು. ಇಂಗ್ಲಿಷಿನಲ್ಲಿ ಇಷ್ಟು ದಿನ ‘ಯೂ’ ಎಂದರೆ ನಡೆದಿತ್ತು. ಈಗ ನೀ ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ, ಜೋಡಿಸಿಕೊಂಡು ಬಂದ ಮಾತೆಲ್ಲ ಚೆದುರಿತು. “ಅಕ್ಕಾರ...” ಎಂದು ನಿಲ್ಲಿಸಿದಳು.

ಸಪ್ನಾ ಅತ್ತೆಯ ಕಡೆ ಒಮ್ಮೆ ನೋಡಿ, ನೆಲದ ಮೇಲೆ ಕೂತು, ಮೆಲ್ಲಗೆ ಇಂಗ್ಲಿಷಿನಲ್ಲೇ ಶುರು ಮಾಡಿದಳು. ಮಾತು ಹರಕುಮುರುಕಾಗಿತ್ತು. ನಾನು ಅಡ್ಡಾಡಿದ್ದಕ್ಕೆ, ಮಾತಾಡಿದ್ದಕ್ಕೆ ಕೂಸು ಹೋಯಿತು ಅನ್ನುತ್ತಾರೆ. ನೀನು ಲ್ಯಾಬಿನಲ್ಲಿರುವವಳು, ನಿಜ ಹೇಳು — ಇಷ್ಟನ್ನು ಹೇಳಲು ಅವಳಿಗೆ ಬೆವರು ಬಂತು.

“ನೋ,” ಅಂದಳು ಭಾಗ್ಯಾ. “ನಾಟ್ ಟ್ರೂ. ನಾಟ್ ಯುವರ್ ಮಿಸ್ಟೇಕ್.” ಆಮೇಲೆ ತಡೆಯಲಿಲ್ಲ. ಮೊದಮೊದಲ ತಿಂಗಳಲ್ಲಿ ಹೀಗೆ ಎಷ್ಟೋ ಜನರಿಗೆ ಆಗುತ್ತದೆ, ಬಹಳ ಸಲ ಕೂಸಿನ ಬೆಳವಣಿಗೆಯೇ ಸರಿಯಾಗಿ ಆಗಿರುವುದಿಲ್ಲ, ಡಾಕ್ಟರನ್ನೂ ಕೇಳು, ನಿನ್ನನ್ನು ನೀನು ಬೈದುಕೊಳ್ಳಬೇಡ — ವ್ಯಾಕರಣ ಎಲ್ಲಿ ಮುರಿಯಿತೋ ಅವಳು ನೋಡಲಿಲ್ಲ. ಒಂದು ವಾಕ್ಯವನ್ನೂ ಹಿಂದೆ ಹೋಗಿ ತಿದ್ದಲಿಲ್ಲ. ಸಪ್ನಾ ಅವಳ ಬಾಯನ್ನೇ ನೋಡುತ್ತಿದ್ದಳು.

“ಏನಂತಾಳ?” ಮರೆವ್ವ ಎದ್ದು ನಿಂತಳು. “ನನ್ನ ಮನ್ಯಾಗ ಕುಂತು ನನಗ ತಿಳೀಲಾರದಂಗ ಏನ್ ನಡಿಸೀರಿ?”

ಸಪ್ನಾ ತಲೆ ತಗ್ಗಿಸಿದಳು. ಏನೋ ಒಂದು ಸುಳ್ಳು ಹೇಳಬಹುದಿತ್ತು. ಭಾಗ್ಯಾ ಹೇಳಲಿಲ್ಲ.

“ಮಾತಾಡಿದ್ದಕ್ಕ, ಮೆಟ್ಲಾ ಹತ್ತಿದ್ದಕ್ಕ ಕೂಸು ಹೋಗಂಗಿಲ್ರಿ ಅಂದೆ. ಅಕ್ಕಾರದು ತಪ್ಪಿಲ್ಲ ಅಂದೆ. ಸಿಟ್ಟಾಗಬ್ಯಾಡ್ರಿ ಯವ್ವಾ.”

ಮರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

“ನಂದೂ ಒಂದು ಹೋಗಿತ್ತು,” ಅಂದಳು. “ಬಾವಿ ನೀರು ಸೇದಿದ್ದಕ್ಕ ಹೋತು ಅಂದಿದ್ರು ನಮ್ಮತ್ತಿ. ಸೇದಲಿಲ್ಲ ಅಂದ್ರ ಕುಡಿಯಾಕ ನೀರು ಯಾರ್ ತರತಿದ್ರು?” ಉತ್ತರಕ್ಕೆ ಕಾಯದೆ ಚಹಾ ಇಡಲು ಒಳಗೆ ಹೋದಳು. ಆದರೆ ಕೀಲಿ ತೆಗೆಯಲಿಲ್ಲ. ಸಪ್ನಾ ಕೇಳಲೂ ಇಲ್ಲ.

ಓಣಿಯ ತಿರುವಿನವರೆಗೆ ಸಪ್ನಾ ಕಳಿಸಲು ಬಂದಳು. ಅಲ್ಲಿ ಮೊದಲ ಸಲ ಕನ್ನಡದಲ್ಲಿ ಅಂದಳು: “ನೀ ಇಷ್ಟ ಸಣ್ಣಾಕಿ ಅಂತ ನನಗ ಗೊತ್ತಿರ್ಲಿಲ್ಲ ನೋಡು. ಇಂಗ್ಲಿಷಿನ್ಯಾಗ ಭಾಳ ದೊಡ್ಡಾಕಿ ಅನಸ್ತಿದ್ದಿ.” ನಗಲು ಹೋದವಳಿಗೆ ಅಳು ಒತ್ತಿ ಬಂತು. “ಮದುವಿ ಆಗಿ ಎಷ್ಟ ವರ್ಷಕ್ಕ ಬಸುರು ನಿಂತಿತ್ತವ್ವಾ...”

ಭಾಗ್ಯಾ ಅವಳ ಎರಡೂ ಕೈ ಹಿಡಿದುಕೊಂಡು ನಿಂತಳು.

ಮಂಜುಳಾ ಮೇಡಂ ಬೇರೆ ಜೋಡಿ ಕೊಟ್ಟರು — ಕಿತ್ತೂರಿನ ಕಾಲೇಜು ಹುಡುಗಿ. ಪಟಪಟ ಮಾತಾಡುತ್ತಿದ್ದಳು, ತಪ್ಪು ತೋರಿಸುತ್ತಿದ್ದಳು. ಭಾಗ್ಯಾಳ ಇಂಗ್ಲಿಷು ಸುಧಾರಿಸಿತು. ಮನಸ್ಸು ಮಾತ್ರ ಪ್ರತಿ ಸಂಜೆ ಸ್ವಿಚ್ ಆಫ್ ಆದ ಆ ನಂಬರಿನ ಕಡೆ ಎಳೆಯುತ್ತಿತ್ತು. ಮಧುವಿಗೆ ಒಂದು ಶನಿವಾರ, “ಇವತ್ತ ನಂದು ನಾನ ಹೇಳ್ತೇನವಾ,” ಎಂದು ಹೇಳಿ, ಮೀಟಿಂಗಿನಲ್ಲಿ ತಾನೇ ಇಂಗ್ಲಿಷಿನಲ್ಲಿ ಎರಡು ವಾಕ್ಯ ಆಡಿದಳು. ಮೂರನೆಯದಕ್ಕೆ ತಡವರಿಸಿದಳು.

ತಿಂಗಳು ಕಳೆದ ಮೇಲೆ, ಬಸ್ಸು ಕಾಯುತ್ತಿದ್ದಾಗ ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ನಮ್ಮ ಮನಿಯವ್ರ ಫೋನ್. ನಂದು ಇನ್ನೂ ಟ್ರೆಜರ್ಯಾಗ ಐತಿ,” ಅಂದಳು ಸಪ್ನಾ. “ಕಾಲುಗಂಟೆ ಸಾಕಂದಾರ. ಇಂಗ್ಲಿಷ್ ಏನ, ಕನ್ನಡ?”

“ಮೊದಲ ಕನ್ನಡ,” ಅಂದಳು ಭಾಗ್ಯಾ. “ಆರಾಮ ಅದೀರಿಲ್ಲೋ? ಊಟಾ ಸೇರ್ತೈತಿ?”

ಯರಗಟ್ಟಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿ ಕರೆದ. ಭಾಗ್ಯಾ ಇನ್ನೊಂದು ಕಿವಿಗೆ ಅಂಗೈ ಒತ್ತಿಕೊಂಡು, ಬಸ್ಸಿಗೆ ಬೆನ್ನು ಮಾಡಿ ನಿಂತಳು.