ಸಪ್ಪಳವಿಲ್ಲದ ಮೋಟಾರು

ಗುರುಸಿದ್ದವ್ವನ ದವಡೆ ಬಿಗಿದುಕೊಂಡದ್ದು ಮಂಗಳವಾರ. ಬುಧವಾರ ಬೆಳಗಾಗುವಷ್ಟರಲ್ಲಿ ಬೆನ್ನು ಬಿಲ್ಲಿನಂತೆ ಬಾಗತೊಡಗಿತು. ಹಿತ್ತಲಲ್ಲಿ ಯಾರಾದರೂ ಕೊಡ ಕೆಳಗಿಟ್ಟರೂ ಸಾಕು, ಮೈಯೆಲ್ಲ ಸೆಟೆದು, ಉಸಿರು ಸಿಕ್ಕಿಕೊಂಡು, ಮುಖ ನೀಲಿಗಟ್ಟುತ್ತಿತ್ತು. ಮುಂಡರಗಿಯ ಡಾಕ್ಟರು ಗಂಡ ಚನ್ನಬಸವಣ್ಣನನ್ನು ಹೊರಗೆ ಕರೆದು, ಇದು ಕಾಲಿಗೆ ಮೊಳೆ ಚುಚ್ಚಿದ ಗಾಯದಿಂದ ಬಂದ ಧನುರ್ವಾಯು, ಇದಕ್ಕೆ ಬೇಕಾದ ಮದ್ದೂ ಆರೈಕೆಯೂ ಗದಗಿನ ದವಾಖಾನೆಯಲ್ಲಿ ಮಾತ್ರ ಸಿಗುತ್ತವೆ, ನಾಳೆ ಮಧ್ಯಾಹ್ನದೊಳಗೆ ಮುಟ್ಟಿಸಬೇಕು ಎಂದರು. ದಾರಿಯಲ್ಲಿ ಸಪ್ಪಳ, ಕುಲುಕಾಟ ಹೆಚ್ಚಾದರೆ ಒಂದೇ ಸೆಳೆತಕ್ಕೆ ಉಸಿರು ನಿಂತೀತು ಎಂದೂ ಹೇಳಿದರು.

ಗದಗು ಇಪ್ಪತ್ತು ಮೈಲಿಗೂ ಹೆಚ್ಚು. ಬಸ್ಸಿನಲ್ಲಿ ಒಯ್ಯುವ ಮಾತೇ ಇರಲಿಲ್ಲ. ಚಕ್ಕಡಿ ಹೂಡಿದರೆ ಹಾದಿಯುದ್ದಕ್ಕೂ ಕುಲುಕಾಟ. ಉಳಿದದ್ದು ಚನ್ನಬಸವಣ್ಣನ ತಂದೆ ಮೈಲಾರಲಿಂಗಪ್ಪ ಇಪ್ಪತ್ತು ವರ್ಷದ ಹಿಂದೆ ಕೊಂಡಿದ್ದ ಮೋಟಾರು. ಅದರ ತಳದ ತಗಡು ತುಕ್ಕು ಹಿಡಿದು ತೂತು ಬಿದ್ದಿತ್ತು. ಎಂಜಿನ್ನಿನ ಹೊಗೆ ನೇರ ಒಳಗೇ ಬರುತ್ತಿತ್ತು. ಅದು ಓಣಿಗೆ ಬಂದರೆ ತಾಮ್ರದ ಹಂಡೆಗಳನ್ನು ಉರುಳಿಸಿದಂತೆ ಊರಿಗೆಲ್ಲ ಕೇಳುತ್ತಿತ್ತು. ಚನ್ನಬಸವಣ್ಣ ಗಾಬರಿಯಲ್ಲಿ ಉಸುಕಿನ ಚೀಲಗಳನ್ನು ಒಳಗೆ ತುಂಬಿ ಓಡಿಸಿ ನೋಡಿದ. ಸಪ್ಪಳವೇನೋ ತಗ್ಗಿತು. ಆದರೆ ಊರ ಹೊರಗಿನ ಏರಿನಲ್ಲಿ ಭಾರ ಎಳೆಯಲಾರದೆ ಗಾಡಿ ನಿಂತುಬಿಟ್ಟಿತು. ಅವನು ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತ. ಆಮೇಲೆ ಇಳಿದು ಪಿಂಜಾರ ಮಾಶಾಕನ ಮನೆಗೆ ನಡೆದ.

ಮಾಶಾಕ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಬಸ್ಸು, ಮೋಟಾರುಗಳ ಸೀಟೂ ಹೊಲಿಯುತ್ತಿದ್ದ. ಹೆಂಡತಿ ಶಮಶಾದಬಿಯನ್ನು ಕರೆದುಕೊಂಡೇ ಬಂದ. ಮೊದಲು ಉಸುಕನ್ನೆಲ್ಲ ಹೊರಗೆ ಹಾಕಿಸಿದ. ಆಮೇಲೆ ತಳ, ಬಾಗಿಲು, ಚಾವಣಿ ಒಂದೊಂದನ್ನೂ ಬೆರಳಿನಿಂದ ಬಡಿದು ಕಿವಿಯಿಟ್ಟು ಕೇಳಿ, ಸುಣ್ಣದಿಂದ ಗುರುತು ಮಾಡಿದ.

“ಎಲ್ಲಾ ಕಡೆ ಹಚ್ಚೂದು ಬ್ಯಾಡ್ರಿ ಅಣ್ಣಾರ,” ಎಂದ. “ಎಲ್ಲಿ ತಗಡು ಒದರತೈತಿ, ಅಲ್ಲಷ್ಟ ಹಿಡದ್ರ ಸಾಕು. ಗಾಡಿ ಹಗರ ಇರಬೇಕು.”

ತುಕ್ಕು ಕೆರೆದು, ತೂತುಗಳಿಗೆ ತಗಡಿನ ತೇಪೆ ಹಾಕಿದರು. ಡಾಂಬರು ಹಚ್ಚಿದರೆ ವಾಸನೆಗೇ ಆಕೆಗೆ ಉಸಿರುಗಟ್ಟೀತೆಂದು ಮಾಶಾಕ ಬಡಗಿಯ ಹತ್ತಿರದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತಳಕ್ಕೆಲ್ಲ ಎರಡು ಸಲ ಬಳಿದ. ಬಿಸಿಲಿಗೆ ಅದು ಜಲ್ದಿ ಆರಿತು. ಗುರುತಿನ ಜಾಗಗಳಿಗೆ ಕಂಬಳಿಯ ತುಂಡುಗಳನ್ನು ಅರಗಿನಿಂದಲೇ ಅಂಟಿಸಿದ. ಬಾಗಿಲ ಸಂದುಗಳಿಗೂ ಕಂಬಳಿಯ ಪಟ್ಟಿ. ಶಮಶಾದಬಿ ಹೊಸದಾಗಿ ಹಿಂಜಿದ ಅರಳೆಯಿಂದ ತೆಳುವಾದ ಗಾದಿ ಹೊಲಿದಳು.

ಕೆಲಸದ ನಡುವೆ, ಮೊಳೆ ಚುಚ್ಚಿದ್ದು ಎಲ್ಲಿ ಎಂದು ಮಾಶಾಕ ಕೇಳಿದ. ಈ ಮೋಟಾರು ನಿಲ್ಲಿಸುವ ಚಪ್ಪರದಲ್ಲೇ, ಹತ್ತು ದಿನದ ಹಿಂದೆ ಎಂದ ಚನ್ನಬಸವಣ್ಣ. ಮಾಶಾಕನ ಕೈ ನಿಂತಿತು. ಅದಕ್ಕೂ ಒಂದು ವಾರ ಮೊದಲು ಅವನು ಅಲ್ಲೇ ಕೂತು ಹಿಂದಿನ ಸೀಟಿಗೆ ಚರ್ಮ ಬಡಿದಿದ್ದ.

“ಅಣ್ಣಾರ, ಆ ಮೊಳಿ ನಂದ ಇರಬೇಕು. ಸೀಟು ಬಡಿಯೂ ಮುಂದ ಬಿದ್ದಿರಬೇಕು.”

ಚನ್ನಬಸವಣ್ಣ ತಟ್ಟನೆ ಅವನತ್ತ ತಿರುಗಿದ. ಮುಷ್ಟಿ ಬಿಗಿದಿತ್ತು.

“ಇರಬಹುದು,” ಎಂದ. “ಈಗ ಅದನ್ನ ಮಾತಾಡಿದ್ರ ಹೊತ್ತು ಹೋಗತೈತಿ. ನೀ ಕೈ ನಿಲ್ಲಸಬ್ಯಾಡ.”

ಹೊತ್ತು ಮುಳುಗುವ ಮೊದಲು ಖಾಲಿ ಗಾಡಿ ಓಡಿಸಿ ನೋಡಿದರು. ಎಂಜಿನ್ನು ಗೊಣಗುವುದು ಕೇಳುತ್ತಿತ್ತು, ಆದರೆ ತಗಡುಗಳ ಒದರಾಟ ಇರಲಿಲ್ಲ. ಏರನ್ನೂ ಹತ್ತಿತು.

ಗುರುವಾರ ನಸುಕಿನಲ್ಲಿ ಗುರುಸಿದ್ದವ್ವನ ಕಿವಿಗೆ ಅರಳೆಯಿಟ್ಟು, ಕಿಟಕಿಗೆ ಕಪ್ಪು ಅರಿವೆ ಕಟ್ಟಿ ಹೊರಟರು. ಶಮಶಾದಬಿ ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮಾಶಾಕ ಮುಂದೆ ಕೂತ. ಚನ್ನಬಸವಣ್ಣ ಎತ್ತಿನ ನಡಿಗೆಗಿಂತ ಸ್ವಲ್ಪ ಜೋರಾಗಿ, ಕಲ್ಲು ತಪ್ಪಿಸುತ್ತ ಓಡಿಸಿದ. ದಾರಿಯಲ್ಲಿ ಎರಡು ಸಲ ಸೆಳೆತ ಬಂತು, ಎರಡು ಸಲವೂ ಬಿಟ್ಟಿತು.

ಡಂಬಳದ ಹತ್ತಿರ ರಸ್ತೆ ತುಂಬ ಜನ. ಕನ್ನಡ ನಾಡು ಒಂದಾದ ದಿನ ಅದು. ಡೊಳ್ಳು, ಹಲಗೆ, ಬಾವುಟ. ಪಟಾಕಿಯ ಸರ ಆಗಲೇ ಹಾಸಿದ್ದರು. ಈ ಅವಸರದಲ್ಲಿ ಗಾಡಿಯಲ್ಲಿದ್ದ ಯಾರಿಗೂ ತಾರೀಖಿನ ನೆನಪೇ ಇರಲಿಲ್ಲ. ಚನ್ನಬಸವಣ್ಣ ದೂರದಲ್ಲೇ ಗಾಡಿ ನಿಲ್ಲಿಸಿದ. ಮಾಶಾಕ ಇಳಿದು ಓಡಿ, ಮುಂದಿದ್ದ ಮುದುಕ ಡೊಳ್ಳಿನವನ ಕಾಲಿಗೆ ಬಿದ್ದ.

“ಯಪ್ಪಾ, ಒಳಗ ಒಂದು ಹೆಣ್ಮಗಳು ಅದಾಳ. ಸಪ್ಪಳ ಕೇಳಿದ್ರ ಸಾಯ್ತಾಳ. ನಾವು ದಾಟೂ ತನಕ ನಿಲ್ಲಸ್ರಿ.”

ಡೊಳ್ಳಿನವನು ಕೈಯೆತ್ತಿದ. ವಾದ್ಯಗಳು ನಿಂತವು. ಆದರೆ ಸರದ ತುದಿಗೆ ಬೆಂಕಿ ಮುಟ್ಟಿಯಾಗಿತ್ತು. ಹತ್ತಾರು ಸಿಡಿದ ಮೇಲೆ ಯಾರೋ ಕೊಡ ನೀರು ಸುರಿದರು. ಗಾಡಿಯೊಳಗೆ ಗುರುಸಿದ್ದವ್ವ ಸೆಟೆದು, ಹಿಮ್ಮಡಿ ಮತ್ತು ತಲೆ ಮಾತ್ರ ಗಾದಿಗೆ ತಾಗುವಂತೆ ಮೇಲೆದ್ದಳು. ಉಸಿರಿಲ್ಲ. ಶಮಶಾದಬಿ ಆಕೆಯ ಕಿವಿಗಳನ್ನು ಅಂಗೈಯಿಂದ ಮುಚ್ಚಿ ತನ್ನ ದೇವರ ಹೆಸರು ಹೇಳುತ್ತಿದ್ದಳು. ಚನ್ನಬಸವಣ್ಣ ಹಿಂದಿರುಗಿ ನೋಡಲಿಲ್ಲ. ನೋಡುವ ಧೈರ್ಯ ಅವನಿಗಿರಲಿಲ್ಲ. ಕೊನೆಗೆ ಸಣ್ಣದೊಂದು ಉಸಿರು ಒಳಗೆ ಹೋಯಿತು.

ಜನ ಬಾವುಟ ಇಳಿಸಿ ಎರಡೂ ಬದಿಗೆ ಸರಿದರು. ಅಳುವ ಮಕ್ಕಳನ್ನು ತಾಯಂದಿರು ಹೊಲದೊಳಗೆ ಒಯ್ದರು. ಮೋಟಾರು ಅವರ ನಡುವೆ ಮೆಲ್ಲಗೆ ದಾಟಿತು.

ಹನ್ನೊಂದು ಗಂಟೆಗೆ ಗದಗು ಮುಟ್ಟಿದರು. ಗುರುಸಿದ್ದವ್ವ ಇಪ್ಪತ್ತಾರು ದಿನ ಕತ್ತಲೆ ಕೋಣೆಯಲ್ಲಿ ಮಲಗಿದ್ದಳು. ಮಾಶಾಕನಿಗೆ ಹೋಗಿ ವಿಚಾರಿಸುವ ಧೈರ್ಯವಾಗಲಿಲ್ಲ. ಆ ದಿನಗಳಲ್ಲಿ ಅವನು ಒಂದು ಗಾದಿಯನ್ನೂ ಪೂರ್ತಿ ಮಾಡಲಿಲ್ಲ. ಒಂದು ಮುಂಜಾನೆ ಚನ್ನಬಸವಣ್ಣನೇ ಅವನ ಬಾಗಿಲಿಗೆ ಬಂದ. ಮುಖ ಇಳಿದಿತ್ತು.

“ಉಳದಾಳ ಮಾಶಾಕಣ್ಣ. ಬೆನ್ನಿನ ಎಲುಬು ಕುಸದಾವಂತ, ಇನ್ನ ನೆಟ್ಟಗ ನಿಲ್ಲೂದು ಆಗೂದಿಲ್ಲ. ಆದ್ರ ನಿನ್ನೆ ಬಾಯಿ ತೆರದು ಗಂಜಿ ಕುಡದ್ಲು.”

ಮಾಶಾಕ ಅರಳೆಯ ರಾಶಿಯ ಮೇಲೆ ಕುಸಿದು ಕೂತ. ಚನ್ನಬಸವಣ್ಣ ಮೆಟ್ಟು ಕಳಚಿ ಒಳಗೆ ಬಂದು ಅವನ ಪಕ್ಕದಲ್ಲೇ ಕೂತ.